ಎರಡನೇ ಹಂತಿಯ ಗೋಲ್‌ಕೀಪರ್

ಹೋದ ತಿಂಗಳು ನಮ್ಮ ಸಂಜೀವನಿಗೆ ಇಂಡಿಯಾ ತಂಡದಿಂದ ಕರೆ ಬಂತು. ಆಡಲಿಕ್ಕಲ್ಲ. ಕೂರಲಿಕ್ಕೆ.

ನಗಬೇಡಿ. ವಿಷಯ ಗಂಭೀರವಾದದ್ದು. ಇಂಡಿಯಾಕ್ಕೆ ಒಂದು ಫುಟ್ಬಾಲ್ ತಂಡ ಇದೆ, ಅರವತ್ತೆರಡರಲ್ಲಿ ಜಕಾರ್ತಾಕ್ಕೆ ಹೋಗಿ ಚಿನ್ನ ಗೆದ್ದು ಬಂದದ್ದು. ಅದು ನಿಮಗೆ ಗೊತ್ತು. ಆ ತಂಡದ ಹಿಂದೆ ಇನ್ನೊಂದು ತಂಡ ಇದೆ, ಅದು ನಿಮಗೆ ಗೊತ್ತಿಲ್ಲ. ರಿಸರ್ವ್ ತಂಡ. ಹೊರದೇಶದವರು ಯಾರಾದರೂ ಆಡಲು ಬಂದರೆ ದೊಡ್ಡ ಪಂದ್ಯ ಕಲ್ಕತ್ತದಲ್ಲಿ ದೊಡ್ಡ ತಂಡಕ್ಕೆ. ಅದೇ ಪರದೇಶಿಗಳು ದಾರಿಯಲ್ಲಿ ಬೆಂಗಳೂರಿಗೆ ಬಂದರೆ ಅಲ್ಲಿ ಅವರ ಎದುರು ನಿಲ್ಲುವುದು ರಿಸರ್ವ್ ತಂಡ. ಆ ತಂಡಕ್ಕೆ ಇಬ್ಬರು ಗೋಲ್‌ಕೀಪರ್. ಮೊದಲನೆಯವನು ಆಡುತ್ತಾನೆ. ಎರಡನೆಯವನು ನಮ್ಮ ಸಂಜೀವ.

ಅಂದರೆ ರಿಸರ್ವ್ ತಂಡದ ರಿಸರ್ವ್ ಗೋಲ್‌ಕೀಪರ್. ಇದಕ್ಕಿಂತ ಹಿಂದೆ ಇನ್ನು ಗೋಡೆ ಮಾತ್ರ.

ಸುದ್ದಿ ಬಂಟ್ವಾಳದ ಪೇಟೆಗೆ ಮುಟ್ಟಿದಾಗ ನಾನೂ ಸಂಜೀವನೂ ಪೈಗಳ ಹೋಟೆಲಿನಲ್ಲಿದ್ದೆವು. ಪೈಗಳು ಗಲ್ಲಾದ ಹಿಂದಿನಿಂದಲೇ ಕೇಳಿದರು.

"ಆಡ್ಲಿಕ್ಕೆ ಬಿಡ್ತಾರಾ?"

"ಇಲ್ಲ ಪೈಗಳೇ. ಹೊರಗೆ ಬೆಂಚಿನಲ್ಲಿ ಕೂತಿರುವುದು" ಎಂದ ಸಂಜೀವ.

"ಬೆಂಚಿನಲ್ಲಿ ಕೂರ್ಲಿಕ್ಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕು ಮಾರಾಯ? ಇಲ್ಲೇ ಕೂತ್ಕೋ. ನನ್ನ ಬೆಂಚಿನಲ್ಲಿ ಚಹಾ ಆದ್ರೂ ಉಂಟು."

ಇಡೀ ಹೋಟೆಲು ನಕ್ಕಿತು. ಸಂಜೀವನೂ ನಕ್ಕ. ಆದರೆ ಅವನ ಚಹಾ ಅರ್ಧದಲ್ಲೇ ತಣ್ಣಗಾದದ್ದನ್ನು ನಾನು ನೋಡಿದೆ.

ಸಂಜೀವ ಯಾರು ಅಂತ ಹೇಳದೆ ಮುಂದೆ ಹೋಗಬಾರದು. ಬಂಟ್ವಾಳದ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ನನ್ನ ರೂಮಿನ ಜತೆಗಾರ. ಉದ್ದ ಕೈ, ಉದ್ದ ಕಾಲು, ಮಾತು ಕಡಿಮೆ. ಆದಿತ್ಯವಾರ ಬಂತೆಂದರೆ ಮಂಗಳೂರಿನ ಒಂದು ಕ್ಲಬ್ಬಿಗೆ ಗೋಲ್ ಕಾಯಲು ಬಸ್ಸು ಹತ್ತುತ್ತಾನೆ. ಅವನು ಕಲಿತದ್ದು ಯಾವ ಕೋಚಿನ ಹತ್ತಿರವೂ ಅಲ್ಲ, ನೇತ್ರಾವತಿಯ ಮರಳಿನಲ್ಲಿ. ಬೇಸಗೆಯಲ್ಲಿ ಹೊಳೆ ಒಂದು ಬದಿಗೆ ಸರಿದು ಮಲಗುತ್ತದಲ್ಲ, ಆಗ ನಮಗೆ ಸಿಗುವ ಮರಳಿನ ಬಯಲಿನಷ್ಟು ದೊಡ್ಡ ಮೈದಾನ ಮದ್ರಾಸಿನಲ್ಲೂ ಇರಲಿಕ್ಕಿಲ್ಲ. (ಮಳೆಗಾಲದಲ್ಲಿ ಅದೇ ಮೈದಾನ ನಮ್ಮ ಪೇಟೆಯ ಅಂಗಡಿಗಳ ಒಳಗೆ ನೀರಾಗಿ ಬರುತ್ತದೆ. ಅದು ಬೇರೆ ಕಥೆ.)

ಮರಳಿನಲ್ಲಿ ಎಷ್ಟು ಹಾರಿದರೂ ಪೆಟ್ಟಾಗುವುದಿಲ್ಲ. ಆದ್ದರಿಂದ ಬಂಟ್ವಾಳದ ಗೋಲ್‌ಕೀಪರ್‌ಗಳು ಹುಟ್ಟಾ ಧೈರ್ಯವಂತರು. ಆದರೆ ಅದೇ ಧೈರ್ಯ ಹಿಡಿದುಕೊಂಡು ಮೂಡುಬಿದಿರೆಗೆ ಪಂದ್ಯಕ್ಕೆ ಹೋದರೆ? ಅಲ್ಲಿನ ಮೈದಾನ ಮುರಕಲ್ಲಿನದ್ದು, ಉಜ್ಜಿದರೆ ಗರಗಸದಂಥ ಕೆಂಪು ಕಲ್ಲು. ಹಾರಿದರೆ ಮೊಣಕೈಯ ಚರ್ಮವನ್ನು ಊರಿನವರಿಗೆ ಕಾಣಿಕೆ ಕೊಟ್ಟು ಬರಬೇಕು. ಸಂಜೀವನ ಎರಡು ಮೊಣಕೈಯಲ್ಲೂ ಮೂಡುಬಿದಿರೆ ಇದೆ.

ಇರಲಿ. ಕರೆ ಬಂತು. ಹೋಗಿ ಬರಬಹುದಲ್ಲ? ಹೋಗಲಿಕ್ಕೆ ಆಗುವುದಿಲ್ಲ. ಯಾಕೆಂದರೆ ಮಾವ ಇದ್ದಾರೆ.

(ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಸಂಜೀವನ ಕಡೆಯವರ ಮನೆಗಳಲ್ಲಿ ಅಪ್ಪ ಯಜಮಾನನಲ್ಲ, ಸೋದರಮಾವ ಯಜಮಾನ. ಮನೆ, ಗದ್ದೆ ಎಲ್ಲ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಅಪ್ಪಣೆ ಮಾತ್ರ ತಾಯಿಯ ತಮ್ಮನ ಬಾಯಿಯಿಂದ ಬರುತ್ತದೆ.)

ಸಂಜೀವನ ಮಾವ ಕಾಂತಪ್ಪ ಶೆಟ್ರು. ಅಳದಂಗಡಿಯ ಹತ್ತಿರ ದೊಡ್ಡ ಮನೆ, ದೊಡ್ಡ ಬೇಸಾಯ, ಅದಕ್ಕಿಂತ ದೊಡ್ಡ ಸ್ವರ. ಅವರಿಗೆ ಫುಟ್ಬಾಲಿನ ಮೇಲೆ ಸಿಟ್ಟಿಲ್ಲ. ಅವರ ಸಿಟ್ಟೆಲ್ಲ ಒಂದು ಶಬ್ದದ ಮೇಲೆ. ಆ ಶಬ್ದ 'ಎರಡನೆಯ'.

ನಮ್ಮ ಕಡೆ ಮದುವೆ ಊಟದಲ್ಲಿ ಎಲೆ ಹಾಕಿ ಕೂರಿಸುವ ಸಾಲಿಗೆ ಹಂತಿ ಎನ್ನುತ್ತೇವೆ. ಮೊದಲನೆಯ ಹಂತಿ ಎದ್ದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಯಾರು ಯಾವ ಹಂತಿ ಎನ್ನುವುದರಲ್ಲಿ ಊರಿನ ಅರ್ಧ ಮಾನ ಮರ್ಯಾದೆ ಅಡಗಿದೆ. ಹಿಂದೊಮ್ಮೆ ಮೂಡುಬಿದಿರೆಯ ಕಡೆ ಒಂದು ಮದುವೆಯಲ್ಲಿ ಯಾರೋ ಗೊತ್ತಾಗದೆ ಕಾಂತಪ್ಪ ಶೆಟ್ರಿಗೆ "ನೀವು ಸ್ವಲ್ಪ ಕೂತ್ಕೊಳ್ಳಿ, ಎರಡನೇ ಹಂತಿಗೆ ಕರೀತೇವೆ" ಅಂದರಂತೆ. ಶೆಟ್ರು ಶಾಲು ಕೊಡವಿ ಹೆಗಲಿಗೆ ಹಾಕಿ ಎದ್ದವರು ಅಳದಂಗಡಿಯವರೆಗೆ ನಡೆದೇ ಬಂದರಂತೆ. ಹಸಿದ ಹೊಟ್ಟೆಯಲ್ಲಿ, ಆ ಬಿಸಿಲಿನಲ್ಲಿ! ದಾರಿಯಲ್ಲಿ ಬಸ್ಸು ನಿಲ್ಲಿಸಿ ಕರೆದರೂ ಹತ್ತಲಿಲ್ಲವಂತೆ.

ಇಂಥವರ ಎದುರು ಹೋಗಿ "ನಿಮ್ಮ ಅಳಿಯ ಎರಡನೇ ತಂಡದ ಎರಡನೇ ಕೀಪರ್" ಅಂತ ಹೇಳುವವರು ಯಾರು?

"ನೀನು" ಎಂದ ಸಂಜೀವ.

"ನಾನಾ?"

"ನೀನು ಪೇಪರಿಗೆ ಬರೀತಿ. ನಿನ್ನ ಮೇಲೆ ಮಾವನಿಗೆ ಮರ್ಯಾದೆ ಉಂಟು. ಮತ್ತೆ ಈ ರಿಸರ್ವ್ ತಂಡದ ಚರಿತ್ರೆ ಎಲ್ಲ ಗೊತ್ತಿರುವುದು ನಿನಗೆ ಮಾತ್ರ. ಇಷ್ಟು ದಿನ ನನ್ನ ತಲೆ ತಿಂದೆಯಲ್ಲ, ಈಗ ಅವರದ್ದು ತಿನ್ನು."

ಸತ್ಯ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಈ ವಿಷಯದ ಮೇಲೆ ನನಗೊಂದು ಹುಚ್ಚು. ಎಲ್ಲರೂ ಗೆದ್ದವರ ಚರಿತ್ರೆ ಓದುತ್ತಾರೆ. ನನಗೆ ಬೆಂಚಿನವರ ಚರಿತ್ರೆ ಬೇಕು. ಕಲಿಸಿಕೊಟ್ಟವರು ಯಾರೂ ಇಲ್ಲ. ನನ್ನ ಗುರು ಪೇಟೆಯ ಜೀನಸಿನ ಅಂಗಡಿ. ಅವರು ಸಾಮಾನು ಕಟ್ಟಲು ತರಿಸುವ ಹಳೆಯ ಇಂಗ್ಲಿಷ್ ಪೇಪರುಗಳಲ್ಲಿ ಆಟದ ಪುಟ ಕಂಡರೆ ನಾನು ಬೇಡಿ ತರುತ್ತೇನೆ. ಹಾಗಾಗಿ ನನ್ನ ಜ್ಞಾನವೆಲ್ಲ ತುಂಡು ತುಂಡು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನವರು 'ಬಿ' ತಂಡ ಅಂತ ಒಂದು ಮಾಡಿ ಸ್ವಿಟ್ಜರ್ಲೆಂಡಿಗೆ ಕಳಿಸಿದರು ಎನ್ನುವುದು ಗೊತ್ತು. ಗೆದ್ದರಾ? ಗೊತ್ತಿಲ್ಲ. ಆ ಜಾಗದಲ್ಲಿ ಬೆಲ್ಲ ಅಂಟಿತ್ತು.

ಆದರೆ ಒಂದು ಸಂಗತಿ ಕೇಳಿ. ಯುರೋಪಿನಲ್ಲಿ ಎರಡು ದೇಶಗಳು ಆಡುವಾಗ ಒಂದೇ ದಿನ ಎರಡು ಪಂದ್ಯ ಇಟ್ಟುಕೊಳ್ಳುವುದುಂಟು. ದೊಡ್ಡ ತಂಡಗಳು ಈ ದೇಶದಲ್ಲಿ ಆಡಿದರೆ, ಬಿ ತಂಡಗಳು ಆ ದೇಶದಲ್ಲಿ. ಯೋಚನೆ ಮಾಡಿ. ಊರಿಗೆ ಊರೇ ರೇಡಿಯೋದ ಸುತ್ತ ಕೂತು ದೊಡ್ಡ ಪಂದ್ಯ ಕೇಳುತ್ತಿರುವಾಗ, ಅದೇ ಬಣ್ಣದ ಅಂಗಿ ಹಾಕಿದ ಹನ್ನೊಂದು ಮಂದಿ ಇನ್ನೆಲ್ಲೋ ಯಾರೂ ಕೇಳದ ಪಂದ್ಯದಲ್ಲಿ ಬೆವರು ಸುರಿಸುತ್ತಿರುತ್ತಾರೆ! ಆಟಕ್ಕಾಗಿ ಆಡುವವರು ಯಾರು, ಹೇಳಿ? ಅವರಾ, ಇವರಾ?

ನಮ್ಮ ದೇಶದ ರಿಸರ್ವ್ ತಂಡದ ಕಥೆ ಇನ್ನೂ ಚಂದ. ಲಂಡನ್ನಿಗೆ ನಮ್ಮವರು ಬರಿಗಾಲಿನಲ್ಲಿ ಆಡಲು ಹೋದ ಕಾಲದಲ್ಲಿ ದೊಡ್ಡ ತಂಡಕ್ಕೇ ಬೂಟಿರಲಿಲ್ಲ, ಎರಡನೆಯದಕ್ಕೆ ಎಲ್ಲಿಂದ? ಆಮೇಲೆ ದಿಲ್ಲಿಯಲ್ಲಿ ಚಿನ್ನ ಬಂತು, ಮೆಲ್ಬೋರ್ನಿನಲ್ಲಿ ಸೆಮಿಫೈನಲ್ ಬಂತು, ಬೂಟೂ ಬಂತು. ಆದರೆ ಎರಡನೇ ತಂಡ ಎನ್ನುವುದು ನನಗೆ ತಿಳಿದ ಮಟ್ಟಿಗೆ ಈಗಲೂ ಮದುವೆ ಚಪ್ಪರದ ಹಾಗೆ. ಕಾರ್ಯ ಇದ್ದರೆ ಎಬ್ಬಿಸುತ್ತಾರೆ, ಮುಗಿದ ಮೇಲೆ ಬಿಚ್ಚುತ್ತಾರೆ. ಅದರಲ್ಲಿ ಆಡಿದವರ ಹೆಸರು ಕೇಳಿದರೆ ಅದನ್ನು ಎಬ್ಬಿಸಿದವರಿಗೂ ನೆನಪಿರುವುದಿಲ್ಲ.

ಇಷ್ಟು ಸರಕು ತಲೆಯಲ್ಲಿ ತುಂಬಿಸಿಕೊಂಡು ನಾನು ಸಂಜೀವನ ಜತೆ ಅಳದಂಗಡಿಗೆ ಹೊರಟೆ. ದಿನವೂ ಕೂಡಿ ಬಂದಿತ್ತು. ಸಂಜೀವನ ತಂಗಿಯ ಮದುವೆ, ಮನೆಯಲ್ಲೇ. ಮರುದಿನ ಬೆಳಿಗ್ಗೆ ಸಂಜೀವ ಬೆಂಗಳೂರಿನ ಬಸ್ಸು ಹಿಡಿಯಬೇಕು. ಮದುವೆ ದಿನ ಮಾವನ ಮನಸ್ಸು ಮೆತ್ತಗಿರುತ್ತದೆ ಎಂಬುದು ನಮ್ಮ ಲೆಕ್ಕಾಚಾರ.

ಬೆಳ್ತಂಗಡಿಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡನೆಯ ಬಸ್ಸಿನ ಟಯರು ದಾರಿಯಲ್ಲಿ ಹೋಯಿತು. ಕ್ಲೀನರ್ ಸ್ಟೆಪ್ನಿ ಇಳಿಸಿ ಹಾಕುವವರೆಗೆ ನಾವೆಲ್ಲ ಮರದ ಕೆಳಗೆ. ನಾನು ಸಂಜೀವನಿಗೆ ಹೇಳಿದೆ. "ನೋಡು, ಸ್ಟೆಪ್ನಿಯನ್ನು ಯಾರಾದರೂ ಕೀಳಾಗಿ ಕಾಣುತ್ತಾರಾ?" ಅವನು ಹೇಳಿದ. "ಅದನ್ನು ಬಸ್ಸಿನ ಬೆನ್ನಿಗೆ ಕಟ್ಟಿ ಮಳೆ ಬಿಸಿಲಿಗೆ ಬಿಡ್ತಾರೆ ಮಾರಾಯ. ಆ ಉದಾಹರಣೆ ಮಾವನ ಹತ್ರ ಹೇಳ್ಬೇಡ."

ಮದುವೆ ಚೆನ್ನಾಗಿ ನಡೆಯಿತು. ಧಾರೆ ಆಯಿತು. ಮೊದಲನೆಯ ಹಂತಿಯಲ್ಲಿ ಗಂಡಿನ ಕಡೆಯ ಹಿರಿಯರು, ಅವರ ನಡುವೆ ಕಾಂತಪ್ಪ ಶೆಟ್ರು. ಬೀಗರ ಜತೆ ಮನೆಯ ಯಜಮಾನ ಕೂರದಿದ್ದರೆ ಅವರಿಗೆ ಬೇಸರವಲ್ಲವೇ? ಊಟ ಮುಗಿಸಿ ಶೆಟ್ರು ಚಪ್ಪರದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಎಲೆಗೆ ಸುಣ್ಣ ಸವರುತ್ತಿದ್ದರು. ಅತ್ತ ಎರಡನೆಯ ಹಂತಿಗೆ ಸಂಜೀವ ಸಾರಿನ ಬಕೆಟು ಹಿಡಿದು ಓಡಾಡುತ್ತಿದ್ದ. ಓಡಾಡುತ್ತಾ ನನಗೆ ಕಣ್ಸನ್ನೆ ಮಾಡಿದ. ಈಗ.

ಹೋಗಿ ಕೂತೆ. (ಅಲ್ಲಿ ನಡೆದ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ. ಶೆಟ್ರ ಸ್ವರವನ್ನು ಮಾತ್ರ ಇಳಿಸಲು ಆಗಲಿಲ್ಲ.)

"ಓ, ಪೇಪರಿನವರು! ಊಟ ಆಯ್ತಾ?"

"ಆಗುತ್ತದೆ ಶೆಟ್ರೇ, ಗಡಿಬಿಡಿ ಇಲ್ಲ. ನಿಮ್ಮ ಹತ್ತಿರ ಒಂದು ವಿಷಯ ಮಾತಾಡುವ ಅಂತ."

"ಸಂಜೀವನದ್ದಾ? ಕೇಳಿದ್ದೇನೆ. ಎರಡನೇ ತಂಡ ಅಂತಲ್ಲ?" ಆ ಶಬ್ದ ಹೇಳುವಾಗ ಅವರ ಬಾಯಿಯಲ್ಲಿ ಅಡಿಕೆ ಕಲ್ಲಾದ ಹಾಗೆ ಕಂಡಿತು.

ನಾನು ಶುರು ಮಾಡಿದೆ. ಇಂಗ್ಲೆಂಡಿನಿಂದ ಹಿಡಿದೆ. ಅವರ ಬಿ ತಂಡದಲ್ಲಿ ಆಡಿ ದೊಡ್ಡ ತಂಡಕ್ಕೆ ಹೋದವರು ಎಷ್ಟೋ ಮಂದಿ ಅಂತ ಹೇಳಿದೆ. ಒಂದೇ ದಿನ ಎರಡು ದೇಶಗಳಲ್ಲಿ ನಡೆಯುವ ಪಂದ್ಯಗಳ ಕಥೆ ಹೇಳಿದೆ. ಬೆಲ್ಲ ಅಂಟಿದ ಭಾಗವನ್ನು ಸ್ವಲ್ಪ ನನ್ನ ಕಡೆಯಿಂದಲೇ ತುಂಬಿಸಿದೆ.

ಶೆಟ್ರು ಕಿವಿಗೊಟ್ಟು ಕೇಳಿದರು. ನಡುವೆ ಒಂದು ಪ್ರಶ್ನೆಯನ್ನೂ ಹಾಕಿದರು.

"ಅಂಗಿ? ದೊಡ್ಡ ತಂಡಕ್ಕೆ ಒಂದು ಅಂಗಿ, ಇವರಿಗೆ ಬೇರೆಯಾ?"

"ಇಲ್ಲ ಶೆಟ್ರೇ! ಅದೇ ಅಂಗಿ. ಅದೇ ಬಣ್ಣ. ದೇಶದ ಹೆಸರೂ ಅದೇ."

"ಹಾಗಾ?" ಅವರು ಎಲೆ ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಹಾಗಾದ್ರೆ ತೊಂದರೆ ಇಲ್ಲ."

ಗೆದ್ದೆ! ಸಂಜೀವ ದೂರದಿಂದಲೇ ಮುಖ ನೋಡಿ ತಿಳಿದುಕೊಂಡ. ಬಕೆಟಿನಿಂದ ಯಾರದ್ದೋ ಎಲೆಗೆ ಎರಡು ಸೌಟು ಹೆಚ್ಚು ಸಾರು ಬಿತ್ತು.

ಆಗ ಶೆಟ್ರು ಸುಮ್ಮನೆ ಎನ್ನುವ ಹಾಗೆ ಕೇಳಿದರು. "ಮತ್ತೆ, ಆಟ ಎಷ್ಟು ಆದ ಮೇಲೆ ಇವನನ್ನು ಒಳಗೆ ಕರೀತಾರೆ?"

ಬುದ್ಧಿ ಇದ್ದವನಾದರೆ "ನೋಡುವ, ಅವರಿಗೆ ಬಿಟ್ಟದ್ದು" ಎನ್ನುತ್ತಿದ್ದ. ಆದರೆ ಒಂದು ವಿಷಯದ ಹುಚ್ಚು ಹಿಡಿದವನಿಗೆ ಆ ವಿಷಯದಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಏನಾಗುತ್ತದೆ ಗೊತ್ತಾ? ಬಾಯಿ ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ಚಪ್ಪಲಿ ಹುಡುಕುತ್ತಾ ಬರುತ್ತದೆ.

"ಕರೆಯುವುದೇ ಇಲ್ಲ ಶೆಟ್ರೇ!" ಎಂದೆ ಉತ್ಸಾಹದಿಂದ. "ಫುಟ್ಬಾಲಿನ ನಿಯಮವೇ ಹಾಗೆ. ಆಟ ಶುರುವಾದ ಮೇಲೆ ಬದಲಿ ಆಟಗಾರನನ್ನು ಇಳಿಸುವ ಹಾಗಿಲ್ಲ. ಕಾಲು ಮುರಿದವನೂ ಕುಂಟಿಕೊಂಡು ಅಲ್ಲೇ ಇರಬೇಕು. ಗೋಲ್‌ಕೀಪರ್‌ಗೇ ಪೆಟ್ಟಾದರೂ ಉಳಿದ ಹತ್ತು ಮಂದಿಯಲ್ಲಿ ಒಬ್ಬ ಆ ಅಂಗಿ ಹಾಕಿಕೊಂಡು ನಿಲ್ಲಬೇಕು. ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿದ್ದರೆ ಬೇರೆ ಮಾತು. ಈ ಪಂದ್ಯಕ್ಕೆ ಒಪ್ಪಿಕೊಂಡಿಲ್ಲವಂತೆ."

"ಹಾಗಾದ್ರೆ ಸಂಜೀವ ಆಡುವುದು ಯಾವಾಗ?"

"ಪಂದ್ಯಕ್ಕೆ ಮೊದಲೇ ಆ ಇನ್ನೊಬ್ಬನಿಗೆ ಜ್ವರ ಬಂದರೆ."

ಶೆಟ್ರು ಎದ್ದು ಚಪ್ಪರದ ಹೊರಗೆ ಹೋಗಿ ಉಗಿದು ಬಂದರು. ಮತ್ತೆ ಕೂರಲಿಲ್ಲ.

"ಪೇಪರಿನವರೇ, ನಮ್ಮ ಮನೆಯ ಹುಡುಗ ಪರವೂರಿಗೆ ಹೋಗಿ, ಬೇರೆಯವರು ಉಣ್ಣುವುದನ್ನು ನೋಡ್ತಾ, ಯಾರಿಗೆ ಜ್ವರ ಬರ್ತದೆ ಅಂತ ಕಾಯ್ತಾ ಕೂರುವುದಾ? ಅದಕ್ಕೆ ನಾನು ಹೂಂ ಹೇಳ್ಬೇಕಾ? ಆಗುವುದಿಲ್ಲ. ಅವ ನಾಳೆ ಮಿಲ್ಲಿಗೆ ಹೋಗ್ಲಿ."

ಮುಗಿಯಿತು. ಅವರ ಸ್ವರಕ್ಕೆ ಎರಡನೆಯ ಹಂತಿಯವರೆಲ್ಲ ತಲೆ ಎತ್ತಿ ನೋಡಿದರು.

ಸಂಜೀವ ನನ್ನನ್ನು ಮನೆಯ ಹಿಂದಿನ ಬಾವಿಕಟ್ಟೆಗೆ ಕರೆದುಕೊಂಡು ಹೋದ.

"ನಿನ್ನನ್ನು ವಕೀಲ ಅಂತ ಕರ್ಕೊಂಡು ಬಂದದ್ದು ಮಾರಾಯ. ನೀನು ಎದುರು ಕಡೆಯ ಸಾಕ್ಷಿ ಆದೆಯಲ್ಲ!"

"ಅವರು ಕೇಳಿದರು, ನಾನು..."

"ಕೇಳಿದ್ದಕ್ಕೆಲ್ಲ ಉತ್ತರ ಹೇಳ್ಲಿಕ್ಕೆ ನೀನೆಂತ ಪರೀಕ್ಷೆಗೆ ಕೂತದ್ದಾ?"

ಅವನು ಬಕೆಟು ಕೆಳಗಿಟ್ಟು ಹೇಳಿದ.

"ನಾನು ಆಡುವುದಿಲ್ಲ ಅಂತ ನನಗೆ ಗೊತ್ತುಂಟು. ನನಗೆ ಅದಲ್ಲ. ಆ ಮೊದಲನೇ ಕೀಪರ್ ಪ್ರಾಕ್ಟೀಸ್ ಮಾಡುವುದನ್ನು ಹತ್ತಿರದಿಂದ ನೋಡ್ಬೇಕು. ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮರಳಿನಲ್ಲಿ ಬಿದ್ದು ಬಿದ್ದು ಕಲಿತದ್ದು. ನಾನು ಬೀಳುವುದು ಸರಿಯಾ ತಪ್ಪಾ ಅಂತ ಹೇಳುವವರೇ ಇಲ್ಲ ಇಲ್ಲಿ. ಅಷ್ಟು ಗೊತ್ತಾದ್ರೆ ಸಾಕಿತ್ತು."

ಮಾತು ಮೀರಿ ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಮಾವನ ಮಾತು ಮೀರಿದರೆ ಆ ಅಂಗಳಕ್ಕೆ ಮತ್ತೆ ಕಾಲಿಡುವುದು ಹೇಗೆ? ಅಮ್ಮ ಇರುವುದು ಅದೇ ಮನೆಯಲ್ಲಿ.

ಮೂರನೆಯ ಹಂತಿಯೂ ಎದ್ದಿತು. ಉಳಿದದ್ದು ಕಡೆಯ ಹಂತಿ. ಅದರಲ್ಲಿ ಕೂರುವವರು ಯಾರು? ಬೆಳಗ್ಗಿನಿಂದ ತೆಂಗಿನಕಾಯಿ ತುರಿದವರು, ಅಡಿಗೆಯವರು, ಬಡಿಸಿದವರು, ಮನೆಯ ಹೆಂಗಸರು. ವಾದದಲ್ಲಿ ಸೋತ ನಾನೂ ಆ ಸಾಲಿನಲ್ಲೇ ಕೂತೆ. ಎಲೆ ಹಾಕಿದರು, ಉಪ್ಪು, ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು ಬಂತು. ಸಾಲಿನ ತುದಿಯಲ್ಲಿ ಕೂತವರು ಪೂವಕ್ಕ.

ಪೂವಕ್ಕ ಸಂಜೀವನ ಅಮ್ಮ. ಕಾಂತಪ್ಪ ಶೆಟ್ರ ಅಕ್ಕ. ಬೆಳಗ್ಗಿನಿಂದ ಅಡಿಗೆ ಮನೆಯ ಬಾಗಿಲಲ್ಲಿ ನಿಂತು "ಅನ್ನ ಸಾಕಾ? ಆ ಬದಿಗೆ ಸಾರು ಹೋಯ್ತಾ?" ಎಂದು ಕೇಳುತ್ತಿದ್ದ ಸ್ವರ ಅವರದ್ದೇ. ಮನೆಯ ಹಿರಿಯರು ಅನ್ನಕ್ಕೆ ಕೈ ಹಾಕದೆ ಉಳಿದವರು ಶುರು ಮಾಡುವ ಪದ್ಧತಿ ಇಲ್ಲ. ಎಲ್ಲರೂ ಪೂವಕ್ಕನ ಕೈ ನೋಡಿದರು.

ಕೈ ಮಡಿಲಲ್ಲೇ ಇತ್ತು.

ಹಂತಿ ಹಂತಿಗೂ ಯಜಮಾನರು ಬಂದು "ಸಾವಕಾಶ ಉಣ್ಣಿ" ಎಂದು ಹೇಳಿ ಹೋಗುವುದು ನಮ್ಮಲ್ಲಿ ಮರ್ಯಾದೆ. ಕಾಂತಪ್ಪ ಶೆಟ್ರು ಬಂದರು. "ಸಾವಕಾಶ, ಸಾವಕಾಶ" ಎನ್ನುತ್ತಾ ಸಾಲಿನ ತುದಿಗೆ ಬಂದು ನಿಂತರು.

"ಎಂತ ಅಕ್ಕ, ಕೈ ಹಾಕ್ಲಿಲ್ಲ?"

"ಪಾಯಸ ಬರ್ಲಿ ಅಂತ."

ಅಡಿಗೆಯವರು ತಲೆ ಎತ್ತಿ ಚಪ್ಪರದ ಮಾಡಿನ ಕಡೆ ನೋಡಿದರು. ಒಬ್ಬ ಹೋಗಿ ಪಾಯಸದ ಕೊಪ್ಪರಿಗೆ ಓರೆ ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಿದ.

"ಪಾಯಸ ಮುಗೀತಂತೆ ಅಕ್ಕ" ಎಂದರು ಶೆಟ್ರು. ಆ ಸ್ವರ ಅಷ್ಟು ಸಣ್ಣಗೂ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಹೌದಾ? ಯಾವ ಹಂತಿಗೆ ಮುಗಿದದ್ದು?"

"ಮೂರನೆಯದಕ್ಕೆ."

"ನಂದು ಎಷ್ಟನೆಯದು?"

ಶೆಟ್ರು ಹೆಗಲಿನ ಶಾಲು ಸರಿಮಾಡಿಕೊಂಡರು.

"ನಿನ್ನ ಮದುವೆಯಲ್ಲೂ ನಂದು ಇದೇ ಹಂತಿ. ನಿನ್ನ ಮಗಳ ನಾಮಕರಣಕ್ಕೂ ಇದೇ ಹಂತಿ. ನಾನೆಂತ ಶಾಲು ಕೊಡವಿ ಎದ್ದು ಹೋದೆನಾ, ನೀನು ಮೂಡುಬಿದಿರೆಯಿಂದ ಬಂದ ಹಾಗೆ?"

ಹೆಂಗಸರ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು.

"ಪಾಯಸ ಇರ್ಲಿ ಬಿಡು. ನನಗೆ ಅಷ್ಟೇನೂ ಇಷ್ಟ ಇಲ್ಲ" ಎಂದರು ಪೂವಕ್ಕ. (ಶುದ್ಧ ಸುಳ್ಳು ಎಂದು ಪಕ್ಕದಲ್ಲಿದ್ದ ಸಂಜೀವ ನನ್ನ ಕಿವಿಯಲ್ಲಿ ಹೇಳಿದ.) "ಹುಡುಗನನ್ನು ಬೆಂಗಳೂರಿಗೆ ಕಳಿಸ್ತೀಯಾ?"

"ಅದೆಂತಕ್ಕೆ ಈಗ, ಊಟದ ಹೊತ್ತಿಗೆ?"

"ಊಟದ ಹೊತ್ತಿಗೇ. ಊಟ ಆದ್ರೆ ನೀನು ನನ್ನ ಕೈಗೆ ಸಿಗುವುದಿಲ್ಲ."

"ಅಕ್ಕ, ಅಲ್ಲಿ ಅವ ಆಡುವುದಿಲ್ಲ! ಬರೇ ಕೂರುವುದು! ಬೇಕಿದ್ರೆ ಈ ಪೇಪರಿನವರನ್ನು ಕೇಳು, ಅವರೇ ಹೇಳಿದ್ದು."

ಪೂವಕ್ಕ ನನ್ನ ಕಡೆ ನೋಡಿದರು. ನಾನು ನನ್ನ ಎಲೆಯ ಉಪ್ಪನ್ನು ಬಹಳ ಶ್ರದ್ಧೆಯಿಂದ ನೋಡಿದೆ.

"ಕೂರ್ಲಿ" ಎಂದರು. "ನಾನು ಬೆಳಗ್ಗಿನಿಂದ ನಿಂತದ್ದು, ಈಗ ಕೂತದ್ದು. ಕೂರುವುದು ಅಷ್ಟು ಸಣ್ಣ ವಿಷಯ ಅಂತ ನಿನಗೆ ಹೇಳಿದವರು ಯಾರು? ನಾನು ಅಲ್ಲಿ ಬಾಗಿಲಲ್ಲಿ ನಿಂತಿದ್ದೇನೆ ಅಂತ ಗೊತ್ತಿದ್ದದ್ದಕ್ಕೆ ನೀನು ಬೀಗರ ಜತೆ ನೆಮ್ಮದಿಯಲ್ಲಿ ಉಂಡದ್ದಲ್ಲವಾ? ಹಾಗೇ ಅವನೂ ಒಬ್ಬ ಹಿಂದೆ ಇರ್ಲಿ. ಮುಂದಿನವ ಧೈರ್ಯದಲ್ಲಿ ಹಾರ್ತಾನೆ."

"ಮೆಲ್ಲ ಮಾತಾಡು ಅಕ್ಕ. ಬೀಗರು ಅಂಗಳದಲ್ಲೇ ಇದ್ದಾರೆ."

"ಹಾಗಾದ್ರೆ ನೀನು ಬೇಗ ಹೇಳು."

ಇನ್ನು ಪರಿಸ್ಥಿತಿ ನೋಡಿ. ಮದುವೆ ಮನೆಯಲ್ಲಿ ಹಿರಿ ಹೆಂಗಸು ಎಲೆಯ ಮುಂದೆ ಕೂತು ಉಣ್ಣದೆ ಎದ್ದರೆ ಅದಕ್ಕಿಂತ ದೊಡ್ಡ ಅಪಶಕುನ, ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಮೂಡುಬಿದಿರೆಯ ಕಥೆ ಏನೂ ಅಲ್ಲ. ಅದರ ಮೇಲೆ ಸಾಲಿಗೆ ಸಾಲೇ ಹಸಿದಿದೆ. ಬೆಳಗ್ಗಿನಿಂದ ಒಲೆಯ ಮುಂದೆ ಬೆಂದವರ ಹಸಿವು. ಎಲ್ಲರ ಕಣ್ಣೂ ಪೂವಕ್ಕನ ಕೈಯಿಂದ ಶೆಟ್ರ ಬಾಯಿಗೆ ಹೋಯಿತು.

ಅಡಿಗೆಯವರಲ್ಲಿ ಹಿರಿಯನೊಬ್ಬ ಧೈರ್ಯ ಮಾಡಿದ. "ಹೂಂ ಹೇಳಿ ಶೆಟ್ರೇ. ಸಾರು ತಣೀತಾ ಉಂಟು."

"ನೀನು ಸುಮ್ಮನಿರು! ಪಾಯಸ ಮುಗಿಸಿದವ ನೀನೇ ಅಲ್ವಾ?"

"ಮುಗಿಸಿದ್ದು ಮೊದಲನೇ ಹಂತಿಯವರು. ನೀವೇ ಬೀಗರಿಗೆ ಒತ್ತಾಯ ಮಾಡಿ ಮಾಡಿ ಹಾಕ್ಸಿದ್ದು."

ಶೆಟ್ರು ಒಮ್ಮೆ ಅಂಗಳದ ಕಡೆ ನೋಡಿದರು. ಒಮ್ಮೆ ಅಕ್ಕನ ಎಲೆ ನೋಡಿದರು. ಅನ್ನದ ಮೇಲೆ ಸಾರು ಇಳಿದು ಎಲೆಯ ಅಂಚಿಗೆ ಹೊರಟಿತ್ತು. ಕಟ್ಟೆ ಕಟ್ಟುವ ಕೈ ಇನ್ನೂ ಮಡಿಲಲ್ಲೇ ಇತ್ತು.

"ಹೋಗ್ಲಿ" ಎಂದರು. "ಹೋಗಿ ಬರ್ಲಿ. ಆದ್ರೆ ಒಂದು ಮಾತು. ಈ ರಿಸರ್ವ್ ಗಿಸರ್ವ್ ಅಂತ ನಮ್ಮ ಊರಿನಲ್ಲಿ ಯಾರೂ ಬಾಯಿ ಬಿಡ್ಬಾರ್ದು. ಪೇಪರಿನವರೇ, ನಿಮಗೇ ಹೇಳಿದ್ದು."

ಪೂವಕ್ಕ ಅನ್ನಕ್ಕೆ ಕೈ ಹಾಕಿದರು. ಮರುಕ್ಷಣ ಇಡೀ ಸಾಲಿನಲ್ಲಿ ಸುರ್ ಎಂಬ ಶಬ್ದ. ಅಷ್ಟು ರುಚಿಯಾದ ತಣ್ಣನೆಯ ಸಾರನ್ನು ನಾನು ಜನ್ಮದಲ್ಲಿ ಉಂಡಿಲ್ಲ.

ಸಂಜೀವ ಹೋದ. ಒಂದು ವಾರ ಕಳೆದು ಬಂದ.

ಪೈಗಳ ಹೋಟೆಲಿನಲ್ಲಿ ಅವನ ಸುತ್ತ ನಾವೆಲ್ಲ ಮುತ್ತಿಕೊಂಡೆವು. ಆ ಮೊದಲ ಕೀಪರ್‌ಗೆ ಜ್ವರ ಬಂತಾ? ಇಲ್ಲ. ಒಂದು ಕೆಮ್ಮು? ಅದೂ ಇಲ್ಲ. ಪಂದ್ಯದ ದಿನ ಬಿಸಿಲು ಅವನ ಕಣ್ಣಿಗೆ ಹೊಡೆಯುತ್ತಿತ್ತಂತೆ. ಅದಕ್ಕೆ ಅವನು ಸಂಜೀವನನ್ನು ಬಲೆಯ ಹಿಂದೆ ನಿಲ್ಲಲು ಹೇಳಿ, ಎಡಗಡೆಯಿಂದ ಯಾರಾದರೂ ಬಂದರೆ ಕೂಗು ಎಂದಿದ್ದನಂತೆ.

"ಕೂಗಿದೆಯಾ?"

"ಕೂಗಿದೆ. ಗಾಬರಿಯಲ್ಲಿ ತುಳು ಬಂತು ಮಾರಾಯ. ಅವನೋ ಬಂಗಾಳದವ. ಗೋಲು ಆಯ್ತು."

ಎರಡು ಗೋಲು ಬಿತ್ತಂತೆ. ನಮ್ಮವರು ಒಂದನ್ನೂ ಹೊಡೆಯಲಿಲ್ಲ. ಸೋತರು.

"ಹಾಗಾದ್ರೆ ಹೋಗಿ ಎಂತ ಸಿಕ್ಕಿತು ನಿನಗೆ?" ಎಂದರು ಪೈಗಳು.

ಸಂಜೀವ ಎದ್ದ. ಬೆಂಚನ್ನು ಸ್ವಲ್ಪ ಸರಿಸಿದ. ಏನು ಮಾಡುತ್ತಾನೆ ಎಂದು ನಾವು ನೋಡುವುದರೊಳಗೆ ಪೈಗಳ ಹೋಟೆಲಿನ ನೆಲದ ಮೇಲೆ ಬದಿಗೆ ಹಾರಿ ಬಿದ್ದೇಬಿಟ್ಟ! ಗ್ಲಾಸುಗಳು ನಡುಗಿದವು. ಪೈಗಳು "ಅಯ್ಯೋ ದೇವರೇ" ಎಂದು ಗಲ್ಲಾ ಬಿಟ್ಟು ಓಡಿ ಬಂದರು. ಅವನು ಉರುಳಿ, ಎದ್ದು, ಧೂಳು ಕೊಡವಿ, ಎರಡೂ ಮೊಣಕೈ ತೋರಿಸಿದ. ಚರ್ಮ ಇದ್ದಲ್ಲೇ ಇತ್ತು.

"ಮೊಣಕೈ ಮೊದಲು ನೆಲಕ್ಕೆ ಕೊಡ್ಬಾರ್ದಂತೆ. ಭುಜ ಕೊಟ್ಟು ಉರುಳ್ಬೇಕಂತೆ. ಆ ಬಂಗಾಳದವ ದಿನಾ ಬೆಳಿಗ್ಗೆ ನನ್ನನ್ನು ಬೀಳಿಸಿ ಬೀಳಿಸಿ ಕಲಿಸಿದ. ನಾನು ಇಷ್ಟು ವರ್ಷ ತಪ್ಪು ಬೀಳ್ತಾ ಇದ್ದೆ ಮಾರಾಯ!" ಅವನ ಮುಖದಲ್ಲಿದ್ದ ಖುಷಿ ಗೆದ್ದವರಲ್ಲೂ ನಾನು ಕಂಡಿಲ್ಲ. "ಇನ್ನು ಮೂಡುಬಿದಿರೆಯವರು ಬರ್ಲಿ."

ನಾನೀಗ ಎರಡನೆಯವರನ್ನು ಎಲ್ಲ ಕಡೆ ಗಮನಿಸಲು ಶುರು ಮಾಡಿದ್ದೇನೆ. ಹೆಡ್‌ಮಾಸ್ಟರು ರಜೆ ಹಾಕಿದ ದಿನ ಗಂಟೆ ಹೊಡೆಸುವ ಮೇಷ್ಟ್ರು. ದೊಡ್ಡ ಡಾಕ್ಟರು ಮಂಗಳೂರಿಗೆ ಹೋದಾಗ ಮದ್ದು ಕೊಡುವ ಕಂಪೌಂಡರು. ಯಕ್ಷಗಾನದ ಮೇಳದಲ್ಲಿ ಮುಖ್ಯ ವೇಷದವನ ಗಂಟಲು ಕಟ್ಟಿದರೆ ಆ ಪದ್ಯವೂ ಅರ್ಥವೂ ಬಾಯಿಪಾಠ ಇರುವ ಇನ್ನೊಬ್ಬ. ಇವರೆಲ್ಲ ಎಲ್ಲೋ ಒಂದು ಬದಿಯಲ್ಲಿ ತಯಾರಾಗಿ ನಿಂತಿರುತ್ತಾರೆ. ಅವರ ಸರದಿ ಬಾರದಿದ್ದರೆ ಎಲ್ಲ ಸರಿಯಾಗಿ ನಡೆಯಿತು ಎಂದು ಅರ್ಥ. ಎಂಥ ವಿಚಿತ್ರ ಕೆಲಸ ನೋಡಿ!

ಹೋದ ಆದಿತ್ಯವಾರ ಸಂಜೀವನ ಜತೆ ಅಳದಂಗಡಿಗೆ ಹೋಗಿದ್ದೆ. ಬಸ್ಸು ಇಳಿಯುವಲ್ಲಿ ಒಂದು ಅಂಗಡಿ ಜಗಲಿ. ಅದರ ಮೇಲೆ ಕಾಂತಪ್ಪ ಶೆಟ್ರು, ಸುತ್ತ ಊರಿನ ಹಿರಿಯರು. ಅಳಿಯನನ್ನು ಕಂಡದ್ದೇ ಶೆಟ್ರು ಎದ್ದು, ಅವನ ಹೆಗಲಿಗೆ ಕೈ ಹಾಕಿ ಜಗಲಿಯ ನಡುವೆಯೇ ಕೂರಿಸಿದರು.

"ಇಂಡಿಯಾ ತಂಡಕ್ಕೆ ಹೋಗಿ ಬಂದವ ಇವನೇ" ಎಂದರು.

"ಹೌದಾ! ಹೇಗೆ ಆಡಿದ?" ಎಂದರು ಒಬ್ಬರು.

ಸಂಜೀವ ಬಾಯಿ ತೆರೆದ. ಅವನಿಗಿಂತ ಮೊದಲು ಶೆಟ್ರು ತೆರೆದರು.

"ಹೇಗೆ ಅಂತ ಕೇಳ್ತೀರಾ? ಅಲ್ಲಿ ಒಬ್ಬ ಬಂಗಾಳದ ಕೀಪರ್ ಇದ್ದನಂತೆ, ದೊಡ್ಡ ಹೆಸರಿನವ. ಅವ ಎರಡು ಗೋಲು ಬಿಟ್ಟ. ನಮ್ಮ ಸಂಜೀವ ಒಂದೇ ಒಂದು ಗೋಲು ಬಿಟ್ಟಿಲ್ಲ!"

ಜಗಲಿಯಲ್ಲಿದ್ದವರೆಲ್ಲ ಮೆಚ್ಚುಗೆಯಿಂದ ತಲೆದೂಗಿದರು. ಸಂಜೀವ ತನ್ನ ಕಾಲಿನ ಉಗುರು ನೋಡಿದ. ಶೆಟ್ರು ನನ್ನ ಕಡೆ ತಿರುಗಿ, ಕಣ್ಣು ಮಿಟುಕಿಸದೆ ಕೇಳಿದರು. "ಅಲ್ವಾ ಪೇಪರಿನವರೇ?"

ಕೇಳಿದ್ದಕ್ಕೆಲ್ಲ ಉದ್ದ ಉತ್ತರ ಕೊಡುವ ನಾನು ಈ ಸಲ "ಹೌದು" ಎಂಬ ಒಂದೇ ಶಬ್ದ ಹೇಳಿ ಸುಮ್ಮನಾದೆ. ನೀವೇ ಹೇಳಿ, ಅದರಲ್ಲಿ ಸುಳ್ಳು ಯಾವುದು?